ಅಳುವ ಹಕ್ಕು, ಬಾಳುವ ಹಕ್ಕು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ, ಫೋನ್ ಕರೆಗಳಲ್ಲಿ ಒಂದು ಪ್ರಶ್ನೆ ಮಾತ್ರ ಎಂದೂ ನಿಂತಿಲ್ಲ. ಹಿರಿಯೂರಿನ ಕಡೆಯಿಂದ ಅದನ್ನು ತಮ್ಮನ ಪರವಾಗಿ ಅಕ್ಕ ಕೇಳುತ್ತಾರೆ. ಹೊಸದುರ್ಗದ ಕಡೆಯಿಂದ ಸೊಸೆಯ ವಿಷಯವಾಗಿ ಅತ್ತೆಯೇ ಕೇಳಿದ್ದುಂಟು. ಹೊಳಲ್ಕೆರೆಯಿಂದ ಬಂದ ಪತ್ರದಲ್ಲಿ ಹೆಸರೂ ಇರಲಿಲ್ಲ, ವಿಳಾಸವೂ ಇರಲಿಲ್ಲ. ನೋಟ್‌ಬುಕ್ಕಿನ ಹಾಳೆಯಲ್ಲಿ ಹೀಗೆ ಬರೆದಿತ್ತು: ‘ಮನೆಯವರು ತೀರಿಕೊಂಡು ಇದು ಮೂರನೇ ವರ್ಷ. ನನ್ನನ್ನೂ ಮಗನನ್ನೂ ನೋಡಿಕೊಳ್ಳುತ್ತೇನೆ ಅಂತ ಒಬ್ಬರು ಕೇಳುತ್ತಿದ್ದಾರೆ. ಅವರು ಬಂದು ಮಾತಾಡಿಸಿದರೆ ನನಗೂ ಮನಸ್ಸಿಗೆ ಸಮಾಧಾನ. ಆದರೆ ಗೋಡೆ ಮೇಲಿನ ಫೋಟೋ ನೋಡಿದರೆ ಈಗಲೂ ಅಳು ಬರುತ್ತದೆ. ಅಳು ನಿಲ್ಲುವ ಮೊದಲೇ ಮದುವೆಯ ಮಾತಾಡುವುದು ತಪ್ಪಲ್ಲವೇ?’

ತಪ್ಪಲ್ಲ, ತಾಯಿ. ಖಂಡಿತ ತಪ್ಪಲ್ಲ. ಅಳುವೂ ನಿಮ್ಮದು, ಆ ಸಮಾಧಾನವೂ ನಿಮ್ಮದು. ಒಂದು ಇರಬೇಕಾದರೆ ಇನ್ನೊಂದು ಹೋಗಲೇಬೇಕು ಎಂದು ನಿಮ್ಮ ಮನಸ್ಸು ಹೇಳಿದ್ದಲ್ಲ, ಊರು ಹೇಳಿಕೊಟ್ಟಿದ್ದು. ಊರು ಯಾಕೆ ಹಾಗೆ ಹೇಳಿಕೊಡುತ್ತದೆ, ಅದರಿಂದ ಯಾರಿಗೆ ಏನು ನಷ್ಟ, ಅದನ್ನು ದಾಟಿದವರು ಹೇಗೆ ದಾಟಿದರು ಎಂಬುದನ್ನು ಈ ವಾರ ಕೂತು ಮಾತಾಡೋಣ.

ಸಣ್ಣ ಊರಿನಲ್ಲಿ ಒಂದು ಮನೆಯ ಸಾವು ಇಡೀ ಕೇರಿಯ ಸಾವು. ಆ ದಿನ ಆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಅಕ್ಕಪಕ್ಕದವರು ಅನ್ನ ಸಾರು ಮಾಡಿ ತರುತ್ತಾರೆ. ಚಟ್ಟ ಕಟ್ಟುವವರನ್ನು ಕರೆಯಬೇಕಿಲ್ಲ, ಅವರೇ ಬರುತ್ತಾರೆ. ಹಾಲುತುಪ್ಪದ ದಿನ, ತಿಥಿಯ ದಿನ ನೂರಾರು ಜನ ಬಂದು ಕೂತು ಎದ್ದು ಹೋಗುತ್ತಾರೆ. ಇದು ದೊಡ್ಡ ಆಸರೆ, ಇದನ್ನು ನಾನು ಎಂದಿಗೂ ಹಗುರವಾಗಿ ಕಾಣುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಗಂಡನನ್ನು ಕಳೆದುಕೊಂಡ ಗೆಳತಿಯೊಬ್ಬಳು, ಎದುರು ಮನೆಯವರಿಗೆ ವಿಷಯ ಗೊತ್ತಾಗಿದ್ದೇ ವಾರದ ಮೇಲೆ ಎಂದು ಹೇಳಿದ್ದಳು. ನಮ್ಮಲ್ಲಿ ಹಾಗಾಗುವುದಿಲ್ಲ. ಆದರೆ ತಿಥಿ ಮುಗಿದ ಮೇಲೆ ಅದೇ ಕೇರಿ ಕಾವಲಿಗೆ ನಿಲ್ಲುತ್ತದೆ. ಆ ಕಾವಲು ಗಂಡಸಿಗೆ ಒಂದು ತರಹ, ಹೆಂಗಸಿಗೆ ಇನ್ನೊಂದು ತರಹ.

ಗಂಡಸಿನ ವಿಷಯ ಮೊದಲು. ಹೊಳಲ್ಕೆರೆ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರರು ನನಗೆ ಬಹಳ ಕಾಲದ ಪರಿಚಯ. ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ ನಲವತ್ತು ದಾಟಿರಲಿಲ್ಲ, ಇಬ್ಬರು ಮಕ್ಕಳು. ವರ್ಷಾಬ್ದಿಕ ಇನ್ನೂ ದೂರವಿತ್ತು, ಆಗಲೇ ಹೆಣ್ಣು ತೋರಿಸಲು ಶುರು ಮಾಡಿದರು. ‘ಮಕ್ಕಳಿಗೆ ಊಟ ಹಾಕೋರು ಬೇಕಲ್ಲಪ್ಪ’ ಎಂದು ಅತ್ತಿಗೆ, ‘ಗಂಡಸು ಒಬ್ಬನೇ ಎಷ್ಟು ದಿನ ಇರ್ತಾನೆ’ ಎಂದು ಮಾವ. ಅವರು ಒಪ್ಪಿಕೊಂಡರು. ಬಂದ ಹೆಣ್ಣುಮಗಳು ಒಳ್ಳೆಯವಳು. ಆದರೆ ಆ ಮನೆಯಲ್ಲಿ ಯಾರೂ ಇನ್ನೂ ಅತ್ತು ಮುಗಿಸಿರಲಿಲ್ಲ. ಮೊದಲನೆಯವಳ ಸೀರೆಗಳು ಬೀರುವಿನಲ್ಲಿ ಮಡಿಕೆ ಬಿಚ್ಚದೆ ಹಾಗೇ ಇದ್ದವು. ಅದರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ‘ಹೊಸಬಳಿಗೆ ಬೇಜಾರಾಗುತ್ತೆ’ ಎಂದು ಅವರು ಆ ಹೆಸರು ಹೇಳುವುದನ್ನೇ ಬಿಟ್ಟರು, ಮಕ್ಕಳಿಗೂ ಬಿಡಿಸಿದರು. ಹೊಸದಾಗಿ ಬಂದವಳಿಗೆ ತಾನು ಯಾರ ಜಾಗದಲ್ಲಿ ಕೂತಿದ್ದೇನೆ ಎನ್ನುವುದೇ ತಿಳಿಯದೆ ಉಸಿರು ಕಟ್ಟಿದಂತಾಯಿತು. ಅವರು ತೋಟದಿಂದ ತಡವಾಗಿ ಬರಲು ಶುರು ಮಾಡಿದರು. ಊರಿನ ದೃಷ್ಟಿಯಲ್ಲಿ ಅವರ ಸಂಸಾರ ಸರಿಹೋಗಿತ್ತು. ಆದರೆ ಒಬ್ಬರನ್ನೊಬ್ಬರು ನಿಜವಾಗಿ ಮಾತಾಡಿಸಲು ಆ ಮನೆಗೆ ವರ್ಷಗಳೇ ಬೇಕಾದವು.

ಇನ್ನು ಹೆಂಗಸಿನ ವಿಷಯ. ಹೆದ್ದಾರಿ 48ರಲ್ಲಿ ಹಿರಿಯೂರಿನ ಆಚೀಚೆ ಆಗುವ ಅಪಘಾತಗಳು, ಕೊರೊನಾದ ಎರಡನೇ ಅಲೆ, ಕೊಳವೆಬಾವಿ ಕೊರೆಸಿದ ಸಾಲ ತೀರಿಸಲಾಗದೆ ವಿಷ ಕುಡಿದ ರೈತರು — ಇವೆಲ್ಲ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಇಪ್ಪತ್ತೈದು ಮೂವತ್ತರ ಹರೆಯದ ಎಷ್ಟೋ ಹೆಣ್ಣುಮಕ್ಕಳ ಹಣೆ ಬರಿದು ಮಾಡಿವೆ. ಅವರಿಗೆ ಯಾರೂ ಗಂಡು ತೋರಿಸಲು ಬರುವುದಿಲ್ಲ. ಬಳೆ ಒಡೆಸುತ್ತಾರೆ, ಹೂವು ತೆಗೆಸುತ್ತಾರೆ. ತಂಗಿಯ ಮದುವೆಯಲ್ಲಿ ಆರತಿ ತಟ್ಟೆ ಮುಟ್ಟಿಸುವುದಿಲ್ಲ. ಬೆಳಿಗ್ಗೆ ಎದುರಿಗೆ ಬಂದರೆ ಹೊರಟವರು ಒಂದು ಗಳಿಗೆ ಒಳಗೆ ಹೋಗಿ ಕೂತು ಹೊರಡುತ್ತಾರೆ. ನಕ್ಕರೆ ‘ಗಂಡ ಸತ್ತ ದುಃಖವೇ ಇಲ್ಲ ಇವಳಿಗೆ’. ಒಳ್ಳೆಯ ಸೀರೆ ಉಟ್ಟರೆ ‘ಯಾರಿಗೆ ತೋರ್ಸೋಕೆ?’ 2011ರ ಜನಗಣತಿಯ ಪ್ರಕಾರ ಸಂಗಾತಿಯನ್ನು ಕಳೆದುಕೊಂಡು ಒಂಟಿಯಾಗಿರುವವರು ದೇಶದಲ್ಲಿ ಸುಮಾರು 5.6 ಕೋಟಿ, ಅವರಲ್ಲಿ ನೂರಕ್ಕೆ ಸುಮಾರು 78 ಮಂದಿ ಹೆಂಗಸರು. ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ, ಗಂಡನಿಗಿಂತ ವಯಸ್ಸಿನಲ್ಲಿ ಚಿಕ್ಕವರಿರುತ್ತಾರೆ ಎಂಬುದು ಇದಕ್ಕೆ ಒಂದು ಕಾರಣ. ಗಂಡಸರು ಮತ್ತೆ ಮದುವೆಯಾಗಿ ಆ ಲೆಕ್ಕದಿಂದ ಹೊರಗೆ ಹೋಗುತ್ತಾರೆ, ಹೆಂಗಸರು ಅಲ್ಲೇ ಉಳಿಯುತ್ತಾರೆ ಎಂಬುದು ಇನ್ನೊಂದು ಕಾರಣ.

ಅಂದರೆ ನಮ್ಮ ಊರುಗಳು ಗಂಡಸಿಗೆ ಅಳಲು ಬಿಡುವುದಿಲ್ಲ, ಹೆಂಗಸಿಗೆ ಅಳು ನಿಲ್ಲಿಸಲು ಬಿಡುವುದಿಲ್ಲ. ನಾನು ಈ ವಾರ ಹೇಳಬೇಕೆಂದಿರುವ ಮಾತಿನ ತಿರುಳು ಇದೇ.

ದುಃಖದ ಬಗ್ಗೆ ತಿಳಿದವರು ಏನನ್ನುತ್ತಾರೆ ನೋಡಿ. ದುಃಖಕ್ಕೆ ಐದು ಮೆಟ್ಟಿಲು ಎಂಬ ಮಾತನ್ನು ನೀವೂ ಕೇಳಿರಬಹುದು. ಅದು ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಬಂದದ್ದು. ಅವರು ಬರೆದದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳ ಬಗ್ಗೆ. ಉಳಿದವರ ದುಃಖಕ್ಕೂ ಅದನ್ನೇ ಅಂಟಿಸಿದ್ದು ಆಮೇಲೆ. ಒಂದೊಂದೇ ಮೆಟ್ಟಿಲು ಹತ್ತಿ ಕೊನೆಗೆ ‘ಮರೆತೆ’ ಎಂಬ ಅಟ್ಟಕ್ಕೆ ಸೇರುವುದು ಯಾರ ಬದುಕಿನಲ್ಲೂ ನಡೆಯುವುದಿಲ್ಲ. ಇದಕ್ಕಿಂತ ನಿಜವಾದ ಮಾತನ್ನು 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಯೂಟ್ರೆಕ್ಟ್ ವಿಶ್ವವಿದ್ಯಾಲಯದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಹೇಳಿದರು. ಕಳೆದುಕೊಂಡವರ ಮನಸ್ಸು ಒಮ್ಮೆ ಹೋದವರ ಕಡೆ ತಿರುಗುತ್ತದೆ, ಇನ್ನೊಮ್ಮೆ ಉಳಿದ ಬದುಕಿನ ಕಡೆ ತಿರುಗುತ್ತದೆ. ಬೆಳಿಗ್ಗೆ ಫೋಟೋ ಒರೆಸುತ್ತಾ ಅಳುವವರು ಮಧ್ಯಾಹ್ನ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಾರೆ. ಈ ಓಡಾಟದಲ್ಲೇ ಮನಸ್ಸು ಚೇತರಿಸಿಕೊಳ್ಳುವುದು. ನಮ್ಮ ಮೊಳಕಾಲ್ಮುರಿನ ಮಗ್ಗದಲ್ಲಿ ಲಾಳಿ ಅತ್ತಿಂದಿತ್ತ ಇತ್ತಿಂದತ್ತ ಹೋದರೇ ಸೀರೆ. ಒಂದೇ ಕಡೆ ನಿಂತರೆ ನೇಯ್ಗೆಯೇ ಇಲ್ಲ.

ಈಗ ನಮ್ಮ ಊರು ಮಾಡುತ್ತಿರುವುದನ್ನು ಇದರ ಪಕ್ಕ ಇಟ್ಟು ನೋಡಿ. ಹೆಂಡತಿ ಸತ್ತವನಿಗೆ ಬದುಕಿನ ಕಡೆ ಮಾತ್ರ ದಾರಿ ಬಿಟ್ಟಿದ್ದೇವೆ. ಸತ್ತವಳ ಕಡೆ ತಿರುಗಿ ನೋಡುವ ಬಾಗಿಲು ಹಾಕಿದ್ದೇವೆ. ಗಂಡ ಸತ್ತವಳಿಗೆ ಸತ್ತವನ ಕಡೆಯ ಬಾಗಿಲು ಮಾತ್ರ ತೆರೆದಿಟ್ಟು, ಬದುಕಿನ ಕಡೆಯದಕ್ಕೆ ಚಿಲಕ ಹಾಕಿದ್ದೇವೆ. ಹೀಗಾಗಿ ಇಬ್ಬರ ಮನಸ್ಸೂ ಅರ್ಧಕ್ಕೇ ನಿಲ್ಲುತ್ತದೆ. ಎರಡನೇ ಮದುವೆಯಾದ ಗಂಡಸು ಸಿಡಿಮಿಡಿಗುಟ್ಟುವುದಕ್ಕೂ, ಒಂಟಿಯಾಗಿ ಉಳಿದ ಹೆಂಗಸು ಕಾರಣವಿಲ್ಲದೆ ತಲೆನೋವು, ಎದೆನೋವು ಎಂದು ಆಸ್ಪತ್ರೆ ಸುತ್ತುವುದಕ್ಕೂ ಎಷ್ಟೋ ಸಲ ಬೇರು ಒಂದೇ.

‘ಇದೆಲ್ಲ ನಮ್ಮ ಸಂಪ್ರದಾಯ, ಬದಲಾಗುವುದಿಲ್ಲ’ ಎನ್ನುವವರಿಗೆ ನಮ್ಮದೇ ನೆಲದ ಇತಿಹಾಸ ನೆನಪಿಸಬೇಕು. ಈ ಭಾಗದ ಬಹುಪಾಲು ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಇತ್ತು. ಉಡಿಕೆ, ಕೂಡಿಕೆ ಎಂದೆಲ್ಲ ಅದನ್ನು ಕರೆಯುತ್ತಿದ್ದರು. ಎಚ್.ವಿ. ನಂಜುಂಡಯ್ಯ ಆರಂಭಿಸಿ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿದ ಮೈಸೂರು ಸಂಸ್ಥಾನದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಇದರ ವಿವರಗಳಿವೆ. ಹೊಸ ಸೀರೆ ಉಡಿಸುವುದೇ ಮುಖ್ಯ ಶಾಸ್ತ್ರ. ಚಪ್ಪರವಿಲ್ಲ, ವಾಲಗವಿಲ್ಲ, ಕತ್ತಲಾದ ಮೇಲೆ, ಮುತ್ತೈದೆಯರ ಕಣ್ಣಿಗೆ ಬೀಳದ ಹಾಗೆ ಮುಗಿಸುತ್ತಿದ್ದರು. ಉಡಿಕೆಯಾದವಳನ್ನು ಶುಭಕಾರ್ಯಗಳಿಗೆ ಕರೆಯುತ್ತಿರಲಿಲ್ಲ. ಅವಳ ಮಕ್ಕಳ ಸಂಬಂಧಕ್ಕೂ ತೊಡಕು ಬರುತ್ತಿತ್ತು. ಹಾಗಾಗಿ ಆ ಪದ್ಧತಿಯನ್ನು ನಾನು ಹಾಡಿ ಹೊಗಳುವುದಿಲ್ಲ. ಆದರೂ ಅದು ಒಂದು ಬದುಕನ್ನು ಬಾಳಗೊಡುತ್ತಿತ್ತು. ಆಮೇಲೆ ಆದದ್ದೇನು? ಒಂದೊಂದೇ ಸಮುದಾಯ ಓದು, ಜಮೀನು, ಸ್ಥಾನಮಾನ ಗಳಿಸಿದ ಹಾಗೆಲ್ಲ ಮೇಲಿನವರ ರೀತಿನೀತಿ ಹಿಡಿಯಿತು, ಉಡಿಕೆಯನ್ನು ಅವಮಾನ ಎಂದು ಕೈಬಿಟ್ಟಿತು. ಮೇಲೇರುವ ಈ ಹಂಬಲದಲ್ಲಿ ಹೆಣ್ಣಿನ ಕಟ್ಟುಪಾಡು ಬಿಗಿಯಾಗುತ್ತದೆ ಎಂಬುದನ್ನು ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಗುರುತಿಸಿದ್ದರು. ನಮ್ಮ ಅಜ್ಜಿಯಂದಿರಿಗೆ ಕತ್ತಲಲ್ಲಾದರೂ ಸಿಗುತ್ತಿದ್ದದ್ದು ನಮ್ಮ ಹೆಣ್ಣುಮಕ್ಕಳಿಗೆ ಬೆಳಕಿನಲ್ಲೂ ಸಿಗದೆ ಹೋಯಿತು.

ಇನ್ನೊಂದು ವಿಷಯ, ಅದಂತೂ ನಮ್ಮ ಕಣ್ಣೆದುರೇ ಇದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂದು ಹೆಸರು. ಹತ್ತನೇ ಚಾಮರಾಜ ಒಡೆಯರ್ 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಹಠಾತ್ತನೆ ತೀರಿಕೊಂಡಾಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಮೂವತ್ತೂ ತುಂಬಿರಲಿಲ್ಲ. ಮಗ ನಾಲ್ವಡಿ ಕೃಷ್ಣರಾಜ ಹತ್ತು ವರ್ಷದ ಹುಡುಗ. ಆಕೆ ವಾಣಿವಿಲಾಸ ಸನ್ನಿಧಾನ ಎಂಬ ಹೆಸರಿನಲ್ಲಿ ರೀಜೆಂಟ್ ಆಗಿ 1902ರವರೆಗೆ ರಾಜ್ಯ ನಡೆಸಿದರು. 1898ರಲ್ಲಿ ಆರಂಭವಾಗಿ 1907ಕ್ಕೆ ಮುಗಿದ ಈ ಅಣೆಕಟ್ಟು ಆಕೆಯ ಹೆಸರು ಹೊತ್ತಿದೆ. 1933ರಲ್ಲಿ ಕೋಡಿ ಬಿದ್ದ ಆ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಗ ಇಡೀ ಜಿಲ್ಲೆ ಅಲ್ಲಿಗೆ ಹೋಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಿತು. ಕೆರೆ ತುಂಬಿದರೆ ಮುತ್ತೈದೆಯರು ಬಾಗಿನ ಕೊಡುವುದು ನಮ್ಮ ಪದ್ಧತಿ. ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳ ಹೆಸರಿನ ನೀರು ನಮಗೆ ಮಂಗಳ. ಗಂಡನನ್ನು ಕಳೆದುಕೊಂಡ ಪಕ್ಕದ ಮನೆಯ ಹೆಣ್ಣುಮಗಳು ಎದುರಿಗೆ ಬಂದರೆ ಅಪಶಕುನ. ಈ ಎರಡನ್ನೂ ಒಟ್ಟಿಗೆ ನಂಬಿಕೊಂಡು ಬರಲು ನಮಗೆ ಹೇಗೆ ಸಾಧ್ಯವಾಗಿದೆ?

ಬದಲಾವಣೆ ಅಸಾಧ್ಯವೇನಲ್ಲ. ನಮ್ಮ ಗಡಿಗೆ ಹತ್ತಿರದ ಕೊಲ್ಲಾಪುರ ಜಿಲ್ಲೆಯ ಹೆರವಾಡ ಎಂಬ ಹಳ್ಳಿ 2022ರ ಮೇ ತಿಂಗಳಲ್ಲಿ ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿ, ಗಂಡ ಸತ್ತಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಇನ್ನು ನಮ್ಮೂರಲ್ಲಿ ಬೇಡ ಎಂದಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಊರುಗಳೂ ಹೀಗೇ ಮಾಡಲಿ ಎಂದು ಸುತ್ತೋಲೆ ಹೊರಡಿಸಿತು. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ವಿಧವೆಯರನ್ನೇ ಅರ್ಚಕರನ್ನಾಗಿ ನೇಮಿಸಿದರು. ನಮ್ಮ ಚಿತ್ರದುರ್ಗದ ಮುರುಘಾ ಮಠದಲ್ಲಿ ತಿಂಗಳ 5ರಂದು ನಡೆದುಕೊಂಡು ಬಂದಿರುವ ಸಾಮೂಹಿಕ ಕಲ್ಯಾಣದಲ್ಲಿ ವಿಧವಾ ವಿವಾಹಗಳೂ ಆಗಿವೆ. ಕತ್ತಲಲ್ಲಲ್ಲ, ಹಾಡಹಗಲು, ಸಾವಿರ ಜನರ ಎದುರಿಗೆ.

ಸಣ್ಣ ಊರಿನಲ್ಲಿ ಎರಡನೇ ಪ್ರೀತಿ ಹುಟ್ಟುವುದು ಎಲ್ಲಿ ಎಂದು ಕೆಲವರು ಕೇಳುತ್ತಾರೆ. ಕೂತು ಮಾತಾಡಲು ಜಾಗವಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿದರೆ ಸಂಜೆಯೊಳಗೆ ಸುದ್ದಿ ಮನೆ ಮುಟ್ಟಿರುತ್ತದೆ. ಆದರೂ ಹುಟ್ಟುತ್ತದೆ. ನಾಡಕಚೇರಿಯ ಸಾಲಿನಲ್ಲಿ, ಮಕ್ಕಳ ಶಾಲೆಯ ಗೇಟಿನಲ್ಲಿ, ದಾವಣಗೆರೆಯ ಆಸ್ಪತ್ರೆಯ ಬೆಂಚಿನ ಮೇಲೆ, ಸಂಘದ ಕಂತು ಕಟ್ಟುವ ದಿನ. ಹೊಸದುರ್ಗದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಒಬ್ಬಾಕೆ ನನಗೆ ಗೊತ್ತು. ಗಂಡ ಲಾರಿ ಡ್ರೈವರ್. ಹೆದ್ದಾರಿಯಲ್ಲಿ ಹೋದವರು ಮತ್ತೆ ಬರಲಿಲ್ಲ. ಅತ್ತೆಯ ಜೊತೆಗೇ ಇದ್ದಾಕೆ, ಒಬ್ಬ ಮಗ. ಯೂನಿಫಾರಂ ಹೊಲಿಸಲು ಮಗಳನ್ನು ಕರೆದುಕೊಂಡು ಬರುತ್ತಿದ್ದವರು ಪಕ್ಕದ ಊರಿನ ಕೊಬ್ಬರಿ ಮಂಡಿಯ ಗುಮಾಸ್ತರು. ಅವರ ಹೆಂಡತಿ ಹೆರಿಗೆಯ ನಂತರದ ಕಾಯಿಲೆಯಲ್ಲಿ ತೀರಿಕೊಂಡಿದ್ದರು. ಮಾತು ಶುರುವಾದದ್ದು ಆ ಹುಡುಗಿಯ ಜಡೆಯಿಂದ. ಅಪ್ಪ ಹಾಕಿದ ಜಡೆ ಮಧ್ಯಾಹ್ನಕ್ಕೇ ಬಿಚ್ಚಿಹೋಗುತ್ತಿತ್ತು. ಆಕೆ ಅಳತೆ ತೆಗೆದುಕೊಳ್ಳುತ್ತಲೇ ಅದನ್ನು ಬಿಚ್ಚಿ, ಎಣ್ಣೆ ಹಚ್ಚಿ, ಮೂರು ಎಳೆ ಮಾಡಿ ಬಿಗಿಯಾಗಿ ಹೆಣೆದು ಕಳಿಸಿದರು. ಮುಂದಿನ ವಾರ ಹೊಲಿಸಲು ಏನೂ ಇಲ್ಲದಿದ್ದರೂ ಹುಡುಗಿ ಜಡೆ ಹಾಕಿಸಿಕೊಳ್ಳಲು ಬಂತು.

ಒಂದೂವರೆ ವರ್ಷ ಅವರಿಬ್ಬರೂ ಮಾತಾಡಿದ್ದು ಹೆಚ್ಚಾಗಿ ಸತ್ತವರ ಬಗ್ಗೆಯೇ. ಇದನ್ನು ಆಕೆ ಹೇಳಿದಾಗ ನನಗೆ ಬಹಳ ದೊಡ್ಡ ವಿಷಯ ತಿಳಿದಂತಾಯಿತು. ‘ಬೇರೆಯೋರ ಮುಂದೆ ಅವ್ರ ಹೆಸರು ಹೇಳಿದ್ರೆ ಪಾಪ ಅಂತಿದ್ರು, ಇಲ್ಲಾ ಮಾತು ಬದಲಾಯಿಸ್ತಿದ್ರು ಕಣಕ್ಕ. ಇವ್ರು ಮಾತ್ರ ಆಮೇಲೆ ಏನಾಯ್ತು ಅಂತ ಕೇಳ್ತಿದ್ರು’ ಎಂದರು. ಹೋದವರ ಬಗ್ಗೆ ಕೇಳುವ ಕಿವಿ ಸಿಕ್ಕಿದ ಕಡೆಯೇ ಪ್ರೀತಿ ಬೇರು ಬಿಟ್ಟಿತು. ಮೊದಲು ತಿಳಿದವರು ಅತ್ತೆ. ಎರಡು ದಿನ ಊಟ ಬಿಟ್ಟರಂತೆ. ಮೂರನೇ ದಿನ ಕೇಳಿದ್ದು ಒಂದೇ ಮಾತು: ‘ನನ್ನ ಮೊಮ್ಮಗ ನನ್ನ ಕಣ್ಣಿಗೆ ಬೀಳ್ತಾನೋ ಇಲ್ವೋ?’ ಅತ್ತೆಯ ಭಯ ಸೊಸೆಯ ನಡತೆಯದ್ದಾಗಿರಲಿಲ್ಲ, ಮಗನ ಕೊನೆಯ ಗುರುತೂ ಕೈಬಿಟ್ಟು ಹೋಗುತ್ತದೆ ಎಂಬುದಾಗಿತ್ತು. ಹುಡುಗ ಶನಿವಾರ ಭಾನುವಾರ ಅಜ್ಜಿಯ ಮನೆಯಲ್ಲಿ ಎಂದು ಮಾತಾಯಿತು. ಅದರ ಮೇಲೆ ಆ ಮುದುಕಿಯೇ ನಿಂತು ಮದುವೆ ಮಾಡಿಸಿದರು.

ಆ ಮನೆಯ ಹಿರಿಯರ ಹಬ್ಬಕ್ಕೆ ನಾನು ಹೋಗಿದ್ದೆ. ನಮ್ಮ ಕಡೆ ಕೆಲವು ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ, ಕೆಲವು ಮನೆಗಳಲ್ಲಿ ದೀಪಾವಳಿಗೆ ಸತ್ತವರಿಗೆ ಎಡೆ ಇಡುತ್ತಾರೆ; ಹೊಸ ಬಟ್ಟೆ, ಅವರಿಗೆ ಇಷ್ಟವಾದ ಅಡುಗೆ. ಅಲ್ಲಿ ಎರಡು ಫೋಟೋ, ಎರಡು ಎಲೆ. ಒಂದು ಲಾರಿ ಡ್ರೈವರಿನದು, ಇನ್ನೊಂದು ಆ ಹುಡುಗಿಯ ತಾಯಿಯದು. ಹಿಂದಿನ ದಿನವೇ ಈಕೆ ಹುಡುಗಿಯನ್ನು ಕೂರಿಸಿಕೊಂಡು ‘ಅಕ್ಕಂಗೆ ಏನು ಇಷ್ಟ ಇತ್ತು ಅಂತ ಅಪ್ಪನ್ನ ಕೇಳ್ಕೊಂಡು ಬಾ’ ಎಂದಿದ್ದರು. ಗಂಡನ ಮೊದಲ ಹೆಂಡತಿ ಈಕೆಗೆ ಅಕ್ಕ. ಎಲೆಯ ಮೇಲೆ ಕರಿಗಡುಬು ಇತ್ತು, ಪಕ್ಕದಲ್ಲಿ ಹಸಿರು ಬಳೆ. 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು, ಸತ್ತವರ ಜೊತೆಗಿನ ನಂಟು ಕಡಿದುಕೊಂಡರೇ ಗುಣ ಎಂಬ ಹಳೆಯ ನಂಬಿಕೆ ಸರಿಯಲ್ಲ, ನಂಟು ಬೇರೆ ರೂಪದಲ್ಲಿ ಮುಂದುವರಿಯುವುದೇ ಸಹಜ ಎಂದು ಪುಸ್ತಕ ಬರೆದರು. ನಮ್ಮ ಎಡೆ ಹಾಕುವ ಮನೆಗಳು ಅದನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿವೆ. ಹಿರಿಯರಿಗೆ ಎಡೆ ಇಡುವ ನಾವು ಮರುಮದುವೆಯಾದವರಿಗೆ ಮಾತ್ರ ‘ಹಳೆಯದೆಲ್ಲ ಮರೆತುಬಿಡಿ’ ಎಂದು ಯಾವ ಬಾಯಲ್ಲಿ ಹೇಳುತ್ತೇವೆ?

ಇನ್ನು, ಯಾರೂ ಬಾಯಿಬಿಟ್ಟು ಹೇಳದ ಆದರೆ ಎಲ್ಲರ ತಲೆಯಲ್ಲೂ ಇರುವ ವಿಷಯ: ಆಸ್ತಿ. ‘ಊರೇನನ್ನುತ್ತೆ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಎರಡು ಎಕರೆ ತೆಂಗಿನ ತೋಟ ಅಡಗಿರುತ್ತದೆ. 1856ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದಿಂದ ಬಂದ ವಿಧವಾ ಪುನರ್ವಿವಾಹ ಕಾಯ್ದೆ ಮದುವೆಗೆ ಅವಕಾಶ ಕೊಟ್ಟಿತು. ಆದರೆ ಮರುಮದುವೆಯಾದರೆ ಸತ್ತ ಗಂಡನ ಆಸ್ತಿಯ ಹಕ್ಕು ಹೋಗುತ್ತದೆ ಎಂದೂ ಹೇಳಿತು. ಆ ಹಳೆಯ ಮಾತೇ ಇವತ್ತಿಗೂ ಜನರ ಬಾಯಲ್ಲಿದೆ. ಈಗಿನ ಕಾನೂನು ಹಾಗಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಬರೆಯದೆ ಸತ್ತವನ ಆಸ್ತಿಯಲ್ಲಿ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ಹೆಂಡತಿಗೆ ಬಂದ ಪಾಲು ಪೂರ್ತಿಯಾಗಿ ಅವಳದೇ. ಆಮೇಲೆ ಮದುವೆಯಾದಳೆಂದು ಅದನ್ನು ಕಿತ್ತುಕೊಳ್ಳುವಂತಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಹಳೆಯ 1856ರ ಕಾಯ್ದೆಯೇ 1983ರಲ್ಲಿ ರದ್ದಾಗಿದೆ. ಮುಸ್ಲಿಂ ಕುಟುಂಬಗಳಲ್ಲಿ ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು ಪಾಲು. ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿದ ಮೇಲೆ ಮರುಮದುವೆಗೆ ಧರ್ಮದ ಅಡ್ಡಿಯಿಲ್ಲ.

ಆದ್ದರಿಂದ ನನ್ನ ಕಿವಿಮಾತು ಇದು. ಮದುವೆಯ ಮಾತಿಗೆ ಮುಂಚೆ ಪೌತಿ ಖಾತೆ ಮಾಡಿಸಿಕೊಳ್ಳಿ. ಮರಣ ಪ್ರಮಾಣ ಪತ್ರ, ವಂಶವೃಕ್ಷ ತೆಗೆದುಕೊಂಡು ನಾಡಕಚೇರಿಗೆ ಅರ್ಜಿ ಕೊಟ್ಟು, ಪಹಣಿಯಲ್ಲಿ ನಿಮ್ಮ ಮತ್ತು ಮಕ್ಕಳ ಹೆಸರು ಬಂದಿದೆಯೇ ನೋಡಿಕೊಳ್ಳಿ. ಅತ್ತೆಯ ಪಾಲನ್ನು ಗೌರವದಿಂದ ಬಿಟ್ಟುಕೊಡಿ, ಅದು ಅವರ ಹಕ್ಕು. ವಿಧವಾ ವೇತನ ಮರುಮದುವೆಯ ನಂತರ ಬರುವುದಿಲ್ಲ. ಕುಟುಂಬ ಪಿಂಚಣಿ ಇದ್ದರೆ ಅದರ ನಿಯಮವನ್ನು ಗಂಡ ಕೆಲಸ ಮಾಡಿದ ಇಲಾಖೆಯಲ್ಲೇ ಮೊದಲು ಕೇಳಿ ತಿಳಿದುಕೊಳ್ಳಿ. ಪರಿಶಿಷ್ಟ ಜಾತಿಯ ವಿಧವೆಯರ ಮರುವಿವಾಹಕ್ಕೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ಪ್ರೋತ್ಸಾಹಧನವೂ ಇದೆ. ಮದುವೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಗಂಡಸರಿಗೂ ಒಂದು ಮಾತು: ಹಿಂದೂ ಕಾಯ್ದೆಯ ಪ್ರಕಾರ ನಿಮ್ಮ ಎರಡನೇ ಹೆಂಡತಿಗೂ ಮೊದಲ ಹೆಂಡತಿಯ ಮಕ್ಕಳಿಗೂ ನಿಮ್ಮ ಆಸ್ತಿಯಲ್ಲಿ ಸಮಪಾಲು ಇದೆ, ಆದರೆ ಆಕೆ ಕರೆದುಕೊಂಡು ಬಂದ ಮಗುವಿಗೆ ನೀವು ವಿಲ್ ಬರೆಯದಿದ್ದರೆ ನಿಮ್ಮ ಆಸ್ತಿ ತಾನಾಗಿ ಹೋಗುವುದಿಲ್ಲ. ಏನು ಕೊಡಬೇಕೆಂದಿದ್ದೀರೋ ಬದುಕಿರುವಾಗಲೇ ಬರೆದಿಡಿ. ಕಾಗದ ಪತ್ರ ಮಾತಾಡುವುದು ಪ್ರೀತಿಗೆ ಕುಂದಲ್ಲ. ಲೆಕ್ಕ ಸ್ಪಷ್ಟವಾದ ಮನೆಯಲ್ಲಿ ಅನುಮಾನಕ್ಕೆ ಜಾಗ ಕಡಿಮೆ.

ಮಕ್ಕಳ ವಿಷಯದಲ್ಲಿ ಆತುರ ಬೇಡ. ‘ಇನ್ನು ಮೇಲೆ ಇವಳೇ ನಿನ್ನವ್ವ’ ಎಂದು ಕೈ ಹಿಡಿದು ತಂದು ನಿಲ್ಲಿಸಿದರೆ ಮಗುವಿಗೆ ತನ್ನ ತಾಯಿಯನ್ನು ಎರಡನೇ ಸಲ ಕಳೆದುಕೊಂಡಂತೆ. ಚಿಕ್ಕಮ್ಮ ಎನ್ನಲಿ, ಆಂಟಿ ಎನ್ನಲಿ, ಏನೂ ಎನ್ನದೆ ಸುಮ್ಮನೆ ಪಕ್ಕದಲ್ಲಿ ಕೂರಲಿ. ಸತ್ತವರ ಫೋಟೋ ತೆಗೆದು ಒಳಗಿಡಬೇಡಿ. ಹೈಸ್ಕೂಲು ದಾಟಿದ ಮಕ್ಕಳಿದ್ದರೆ ಬೇರೆಯವರಿಂದ ತಿಳಿಯುವ ಮೊದಲು ನೀವೇ ಹೇಳಿ. ಅವರ ಸಿಟ್ಟನ್ನು ನಡತೆಗೇಡಿತನ ಎನ್ನಬೇಡಿ, ಅದೂ ಅಳುವಿನ ಇನ್ನೊಂದು ರೂಪ.

ಎಲ್ಲ ದುಃಖವೂ ತಾನಾಗಿ ದಾರಿಗೆ ಬರುತ್ತದೆ ಎಂದೂ ನಾನು ಹೇಳುವುದಿಲ್ಲ. ಆರು ತಿಂಗಳು, ವರ್ಷ ಕಳೆದರೂ ಊಟ ನಿದ್ದೆ ಸೇರದೆ, ಕೆಲಸಕ್ಕೆ ಕೈ ಹೋಗದೆ, ನಾನೂ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು ಎನಿಸುತ್ತಿದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿದೆ. ಇಂಥ ದುಃಖಕ್ಕೆ ಮದುವೆ ಮದ್ದಲ್ಲ. ಮದುವೆ ಮಾಡಿದರೆ ಸರಿಹೋಗುತ್ತದೆ ಎಂದು ಇನ್ನೊಂದು ಜೀವವನ್ನು ಅದರೊಳಗೆ ತಳ್ಳಬಾರದು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಎಂದು ಕೇಳಿ ಹೋಗಿ.

ಎಲ್ಲರೂ ಮತ್ತೆ ಮದುವೆಯಾಗಲೇಬೇಕು ಎಂಬುದೂ ನನ್ನ ಮಾತಲ್ಲ. ಒಂಟಿಯಾಗಿ ನೆಮ್ಮದಿಯಿಂದ ಇರುವ ಎಷ್ಟೋ ಜನರನ್ನು ಬಲ್ಲೆ. ಹೂವು ಮುಡಿದು, ಸಂಘ ನಡೆಸಿ, ಮೊಮ್ಮಕ್ಕಳ ಜೊತೆ ಸಾಣೇಹಳ್ಳಿಗೆ ನಾಟಕ ನೋಡಲು ಹೋಗುವ ಚಿತ್ರದುರ್ಗದ ಹಿರಿಯರೊಬ್ಬರು ‘ನನಗೆ ಇಷ್ಟು ಸಾಕು’ ಎಂದರೆ ಅದೂ ಪೂರ್ಣ ಬದುಕೇ. ಯಾವುದನ್ನು ಆರಿಸಿಕೊಳ್ಳಬೇಕು ಎಂಬುದು ಅವರ ಕೈಯಲ್ಲಿರಬೇಕು, ಅಷ್ಟೇ.

ಊರಿನವರಾದ ನಮ್ಮಿಂದ ಆಗಬೇಕಾದ್ದು ದೊಡ್ಡ ಕ್ರಾಂತಿಯಲ್ಲ. ನಿಮ್ಮ ಮನೆಯ ಮುಂದಿನ ಶುಭಕಾರ್ಯದಲ್ಲಿ ಗಂಡನನ್ನು ಕಳೆದುಕೊಂಡ ನಿಮ್ಮ ಅಕ್ಕನನ್ನೋ ನಾದಿನಿಯನ್ನೋ ಕರೆದು ಮೊದಲ ಆರತಿ ಅವರ ಕೈಯಲ್ಲೇ ಎತ್ತಿಸಿ, ಅರಿಶಿನ ಕುಂಕುಮ ಕೊಡಿ. ಹೆಂಡತಿ ಸತ್ತ ಗೆಳೆಯನಿಗೆ ಹೆಣ್ಣು ಹುಡುಕುವ ಮೊದಲು ಒಂದು ಸಂಜೆ ಅವನ ಜೊತೆ ಕೂತು, ಹೋದವಳ ಹೆಸರು ಹಿಡಿದು ಮಾತಾಡಿಸಿ, ಅವನು ಅತ್ತರೆ ಅಳಲು ಬಿಡಿ. ಯಾರಾದರೂ ಮತ್ತೆ ಮದುವೆಯಾಗುತ್ತೇವೆ ಎಂದರೆ ಬಾಗಿಲ ಸಂದಿಯಿಂದ ನೋಡದೆ ಹೋಗಿ ಅಕ್ಷತೆ ಹಾಕಿ ಬನ್ನಿ. ಹೊಳಲ್ಕೆರೆಯ ತಾಯಿ, ನಿಮ್ಮ ಪತ್ರದಲ್ಲಿ ವಿಳಾಸವಿಲ್ಲದ್ದರಿಂದ ಇಲ್ಲೇ ಹೇಳುತ್ತಿದ್ದೇನೆ: ನಿಮ್ಮ ಮಗನ ಹತ್ತಿರ ಮಾತಾಡಿ, ಅತ್ತೆ ಮಾವ ಇದ್ದರೆ ಅವರಿಗೆ ಮೊದಲು ತಿಳಿಸಿ, ಖಾತೆ ಸರಿಮಾಡಿಸಿಕೊಳ್ಳಿ. ಮದುವೆಯಾದ ಮೇಲೂ ಆ ಫೋಟೋ ಗೋಡೆಯ ಮೇಲೆ ಇರುತ್ತದೆ, ಅದರ ಮುಂದೆ ನಿಂತು ಅಳುತ್ತೇನೆ ಎಂದು ಆ ಮನುಷ್ಯರಿಗೆ ಈಗಲೇ ಹೇಳಿ. ಅದಕ್ಕೆ ಒಪ್ಪುವವರಾದರೆ ಧೈರ್ಯವಾಗಿ ಮುಂದುವರಿಯಿರಿ.